ಮರದ ಸಂಖ್ಯೆ ೧೧೪೭

ಮೊದಲು ಬೆನ್ನು ನೋಡಬೇಕು, ಅಂದಿದ್ದರು ತರಬೇತಿಯಲ್ಲಿ.
ಚನ್ನಪಟ್ಟಣದ ಬೊಂಬೆಗೆ ಅರಗು ಬಳಿದ ಹಾಗೆ
ಕೆಂಪಗೆ ಮಿರುಗಿದರೆ ಅದು ಬೆಲೆಯುಳ್ಳದ್ದು,
ಪುಡಿಯಾಗಿ ಡಬ್ಬಿ ಸೇರುವ ಜಾತಿ.
ಮುದಿ ಎಮ್ಮೆಯ ಗೊರಸಿನಂತೆ ಮಂಕಾಗಿದ್ದರೆ
ಅದರ ದೊಡ್ಡಪ್ಪನ ಮಗ.
ಎರಡೂ ಮದ್ದೇ ಎನ್ನುವವರಿದ್ದಾರೆ,
ಎರಡೂ ಮರಕ್ಕೆ ಮೃತ್ಯುವೇ ಎನ್ನುವವರೂ.
ಆಮೇಲೆ ಹೊಟ್ಟೆ. ಪುಸ್ತಕದ ಹಾಳೆಯಂಥ ಮಡಿಕೆಯಿದ್ದರೆ ಬಿಡು,
ಸೂಜಿ ಚುಚ್ಚಿದಂಥ ತೂತುಗಳಿದ್ದರೆ ಉಗುರಿನಿಂದ ಗೀರು.
ಬಿಳಿ ಹೋಗಿ ಕಾಫಿ ಬಣ್ಣಕ್ಕೆ ತಿರುಗಿತೋ,
ಫಾರಮ್ಮಿನ ಒಂಬತ್ತನೇ ಕಲಮಿನಲ್ಲಿ, ರೋಗ ಎಂಬಲ್ಲಿ,
ಹೌದು ಎಂದು ಬರೆದು ಮುಂದಿನ ಮರಕ್ಕೆ ಹೋಗು.

ಅಶೋಕಪುರಂ, ರೈಲ್ವೆ ವರ್ಕ್‌ಶಾಪಿನ ಎದುರು
ನನ್ನ ಬಣ್ಣದ ಡಬ್ಬಿಗೆ ಸಾವಿರದ ನೂರ ನಲವತ್ತೇಳನೆಯದು:
ಮಳೆಮರ. ಸುತ್ತಳತೆ ಹದಿನಾಲ್ಕು ಅಡಿ.
ಬುಡದಲ್ಲಿ, ಕೂತವರ ಭುಜದ ಎತ್ತರಕ್ಕೆ,
ಮೊರದಗಲ ಒಂದು. ಮಂಕಾದದ್ದು.
ಅದರ ಮೇಲೆ ಉಪ್ಪಿನ ಡಬ್ಬ, ಎಣ್ಣೆಯ ಬಟ್ಟೆ,
ಪಕ್ಕದಲ್ಲಿ ಒಲೆ, ಹೆಂಚು, ಹುಚ್ಚೆಳ್ಳು ಚಟ್ನಿ,
ಅಕ್ಕಿ ರೊಟ್ಟಿ ತಟ್ಟುತ್ತಿದ್ದ ಹೊಂಬಾಳಮ್ಮ.

ಉಪ್ಪಿನ ಡಬ್ಬ ಎತ್ತಿಡಿ ಅಂದೆ. ಎತ್ತಿಟ್ಟಳು.
ಮಸೂರ ಹಿಡಿದು ಬೆನ್ನಿನ ಬಳೆ ಎಣಿಸಿದೆ: ಹನ್ನೊಂದು.
"ಹನ್ನೆರಡು," ಅಂದಳು ಹೆಂಚಿನಿಂದ ಕಣ್ಣೆತ್ತದೆ,
"ನಾ ಒಲೆ ಹೂಡಿದ ವರ್ಸ ಬಿಸ್ಕತ್ತಿನಷ್ಟಿತ್ತು.
ಬೈಕಲ್ಲಿ ಬಂದೋರು ಮುನ್ನೂರು ಕೊಡ್ತೀವಿ ಅಂದ್ರು,
ಸಕ್ಕರೆ ಕಾಯಿಲೆಗೆ ಒಳ್ಳೇದಂತೆ.
ಇದೇಯಾ, ಇಲ್ಲಾ ಇದ್ರಂಗಿರೋ ಇನ್ನೊಂದಾ, ಅಂದೆ.
ಗೊತ್ತಿಲ್ಲ ಅಂದ್ರು.
ಗೊತ್ತಿಲ್ದಿರೋದ್ನ ಬಾಯ್ಗೆ ಹಾಕ್ಕೋಬ್ಯಾಡಿ ಅಂತ
ರೊಟ್ಟಿ ತಿನ್ಸಿ ಕಳಿಸ್ದೆ."

ಹೊಟ್ಟೆ ನೋಡಲು ಮೊಣಕಾಲೂರಿ ಕತ್ತು ಹೊರಳಿಸಿದೆ.
ನಾನು ಗೀರುವ ಮೊದಲೇ ಯಾರೋ ಗೀರಿದ್ದರು.
ನೂರಾರು ಕಂದು ಕಡ್ಡಿಗಳು, ಸಾಲುಸಾಲು,
ನಾಲ್ಕಕ್ಕೊಂದು ಅಡ್ಡಗೆರೆ.
ಪ್ರತಿ ಸಾಲಿನ ತಲೆಗೆ ಒಂದು ಚಿತ್ರ:
ಸ್ಪ್ಯಾನರು, ಕನ್ನಡಕ, ಮೀಸೆ,
ಮೀನು, ಒಂಟಿ ಕಿವಿ.

"ಅದು ಲೆಕ್ಕ," ಅಂದಳು. ತುರುಬಿನ ಪಿನ್ನು ಮುಟ್ಟಿ ತೋರಿಸಿದಳು.
"ವರ್ಕ್‌ಶಾಪಿನೋರು ಸಂಬಳ ಆದ್ಮೇಲೆ ಕೊಡ್ತಾರೆ.
ಮೀಸೆಯೋರು ಶಿವರಾತ್ರಿ ಹೊತ್ಗೆ ತೀರ್ಕೊಂಡ್ರು,
ಮೀನಿನೋರಿಗೆ ಅರಸೀಕೆರೆಗೆ ವರ್ಗ ಆಯ್ತು."
ಮತ್ತೆ ಅವರ ಬಾಕಿ?
"ಮಳೆ ಹಿಡೀತು ಅಂದ್ರೆ ಇದು ಹೊಸಾ ಹೊಟ್ಟೆ ಬುಡ್ತದೆ, ಹಾಲ್ನಂಗೆ.
ಹಳೇದೆಲ್ಲ ಒಳೀಕೋಯ್ತದೆ. ನಾ ಯಾಕೆ ಕೆದಕ್ಲಿ?"

ತರಬೇತಿಯ ಇನ್ನೊಂದು ಮಾತು ಆಗ ನೆನಪಾಯಿತು:
ಕಿತ್ತು ಒಣಗಿಸಿದರೆ ಗೀರು ಅಳಿಯುವುದೇ ಇಲ್ಲ,
ಗಾಜಿನ ಪೆಟ್ಟಿಗೆಯಲ್ಲಿ ತಲೆಮಾರು ಹಾಗೇ ಇರುತ್ತದೆ.
ಅಂದರೆ ಈ ಮರ ಉರುಳಿಸಿದರೆ
ಸತ್ತ ಮೀಸೆಯ ತಲೆಯ ಮೇಲೆ
ಹದಿನೇಳು ರೊಟ್ಟಿ, ಎಂದೆಂದಿಗೂ.

ಸುತ್ತಿಗೆಯಲ್ಲಿ ಬೊಡ್ಡೆ ತಟ್ಟುತ್ತ ಬಂದೆ.
ಒಂದು ಕಡೆ ಖಾಲಿ ವಾಡೆಯ ಹಾಗೆ ಗುಮ್ಮೆಂದಿತು.
ಅವಳೂ ಕೇಳಿಸಿಕೊಂಡಳು. ರೊಟ್ಟಿ ಮಗುಚಿದಳು.
"ಟೊಳ್ಳು ಅಂತ ನಂಗೂ ಗೊತ್ತು.
ಬಿದ್ರೆ ಕಾಂಪೌಂಡಿನ ಕಡೀಕೆ ಬೀಳ್ತದೆ. ಬಾಗಿರೋದು ನೋಡಿ."
ನೋಡಿದೆ. ನಿಜವಿರಬಹುದು.
ಬಾಗಿರುವುದಕ್ಕೆ ಫಾರಮ್ಮಿನಲ್ಲಿ ಕಲಮಿಲ್ಲ.

ಎರಡು ರೊಟ್ಟಿ ತಿಂದೆ. ಜೇಬಿನಲ್ಲಿ ಐನೂರರ ಒಂಟಿ ನೋಟು,
ಸ್ಕ್ಯಾನ್ ಮಾಡುವ ಚೀಟಿ ಅವಳ ಬಳಿ ಇಲ್ಲ.
ಪಿನ್ನು ಕಿತ್ತು ಕೈಗೆ ಕೊಟ್ಟಳು.
ಬಣ್ಣ ಮೆತ್ತಿದ ಬೆರಳಿನಲ್ಲಿ ಮತ್ತೆ ಮೊಣಕಾಲೂರಿ
ಕನ್ನಡಕದ ಪಕ್ಕ ಒಂದು ಮಸೂರ ಬರೆದೆ,
ಅದರ ಕೆಳಗೆ ಎರಡು ಕಡ್ಡಿ.
ನೋಡುತ್ತಿದ್ದಂತೆಯೇ ಕಾಫಿ ಬಣ್ಣಕ್ಕೆ ತಿರುಗಿದವು.
ಪರೀಕ್ಷೆಯೂ ಅಲ್ಲಿಗೆ ಮುಗಿದ ಹಾಗಾಯಿತು.

ಒಂಬತ್ತನೇ ಕಲಮು: ಖಚಿತವಿಲ್ಲ.
ಮಳೆಗಾಲ ಕಳೆದ ಮೇಲೆ
ಇನ್ನೊಮ್ಮೆ ಬಂದು ನೋಡತಕ್ಕದ್ದು.